ಅಳತೆ ಮತ್ತು ತೂಕ

ಹಿಂದೆ ಮೈಸೂರು ಸೀಮೆಯಲ್ಲಿ 'ಸೇರು' ಎಂಬ ಒಂದೇ ಹೆಸರು ತೂಕಕ್ಕೂ ಅಳತೆಗೂ ಸಲ್ಲುತ್ತಿತ್ತು. 1958ರಲ್ಲಿ ಭಾರತದಲ್ಲಿ ಮೆಟ್ರಿಕ್ ತೂಕಗಳು ಬಳಕೆಗೆ ಬಂದವು. ಕ್ರಮೇಣ ಅಂಗಡಿಯಲ್ಲಿ ಕಿಲೋಗ್ರಾಂ ನೆಲೆಗೊಂಡಿತು. ಅಡುಗೆಮನೆಯಲ್ಲಿ ಪಾವು, ಲೋಟಗಳು ಉಳಿದವು.

ಪಾತ್ರೆಯು ಅಳೆಯುವುದು ಪದಾರ್ಥವು ಆಕ್ರಮಿಸುವ ಸ್ಥಳವನ್ನು. ತಕ್ಕಡಿಯು ತೋರಿಸುವುದು ಅದರ ತೂಕವನ್ನು. 200 ಮಿಲಿಲೀಟರ್ ಹಿಡಿಯುವ ಲೋಟದಲ್ಲಿ ನೀರು ಸುಮಾರು 200 ಗ್ರಾಂ ತೂಗುತ್ತದೆ; ಜೇನುತುಪ್ಪವಾದರೋ ಸುಮಾರು 280 ಗ್ರಾಂ. ಅಕ್ಕಿಯ ಕಾಳುಗಳ ನಡುವೆ ಗಾಳಿಯಿರುವುದರಿಂದ ಅದು ಸುಮಾರು 160 ಗ್ರಾಂ ಮಾತ್ರ. ಹೀಗೆ ಒಂದು ಲೋಟವನ್ನು ಒಮ್ಮೆ ತೂಗಿಟ್ಟುಕೊಂಡರೆ, ಐದು ಲೋಟ ಅಕ್ಕಿ 800 ಗ್ರಾಂ ಎಂಬುದು ಸುಲಭದ ಲೆಕ್ಕ.

ಹಿಟ್ಟಿನ ವಿಷಯದಲ್ಲಿ ಎಚ್ಚರ ಬೇಕು. ಕುಲುಕಿ ತುಂಬಿದ ಲೋಟ ಹೆಚ್ಚು ತೂಗುತ್ತದೆ, ಸಡಿಲವಾಗಿ ಸುರಿದದ್ದು ಕಡಿಮೆ. ಅಳೆದು ಕೊಳ್ಳುವ ಬಡವನಿಗೆ ಈ ವ್ಯತ್ಯಾಸವೇ ಮಗುವಿನ ಒಂದು ತುತ್ತು.