ಒಂದನ್ನೇ ಹೆಸರು ಹಿಡಿದು ಹೇಳಿ

ರಾತ್ರಿ ಮಲಗುವಾಗ 'ಎಲ್ಲದಕ್ಕೂ ವಂದನೆ, ದೇವರೇ' ಅಂದರೂ ಮನಸ್ಸಿಗೆ ತಟ್ಟುತ್ತಿಲ್ಲ ಎಂದು ಬರೆದಿದ್ದೀರಿ. ಒಟ್ಟಾರೆ ವಂದನೆ ಬೇಗ ಬಾಯಿಪಾಠವಾಗಿಬಿಡುತ್ತದೆ. ಸಂತ ಇಗ್ನೇಷಿಯಸ್ ಲೊಯೋಲ 1548ರಲ್ಲಿ ಅಚ್ಚಾದ ತಮ್ಮ ಕೃತಿಯಲ್ಲಿ ದಿನದ ಆತ್ಮಪರೀಕ್ಷೆಯನ್ನು ಆರಂಭಿಸುವುದೇ ಕೃತಜ್ಞತೆಯಿಂದ. ತಪ್ಪುಗಳ ಲೆಕ್ಕ ಆಮೇಲೆ. ನೀವೂ ಆ ದಿನದ ಒಂದೇ ಸಂಗತಿ ಹಿಡಿಯಿರಿ: ನಿಮಗೆ ಜ್ವರ ಬಂದಾಗ ಅತ್ತೆ ಕಾಯಿಸಿಕೊಟ್ಟ ಗಂಜಿ, ಅಷ್ಟೇ ಸಾಕು.

ನಿಮ್ಮದು ಮಂಗಳೂರು ಕಡೆಯ ಮನೆ. ಸಂಜೆ ತೇರ್ಸ್ (ಜಪಮಾಲೆ ಪ್ರಾರ್ಥನೆ) ಮುಗಿದು ಮಕ್ಕಳು ಹಿರಿಯರಲ್ಲಿ ಬೆಸಾಂವ್, ಅಂದರೆ ಆಶೀರ್ವಾದ, ಕೇಳುವ ಹೊತ್ತಿಗೆ ಆ ವಂದನೆಯನ್ನು ಅತ್ತೆಗೂ ಹೇಳಿಬಿಡಿ. ದೇವರಿಗಷ್ಟೇ ಹೇಳಿದರೆ ಅವರಿಗೆ ಗೊತ್ತಾಗುವುದು ಹೇಗೆ?

ಅಪ್ಪನ ಕಾಯಿಲೆಗೂ ವಂದನೆ ಹೇಳಬೇಕೇ ಎಂದಿರಿ. ಬೇಡ. ಬೈಬಲಿನ ಕೀರ್ತನೆಗಳಲ್ಲಿ ಗೋಳೂ ಧಾರಾಳವಾಗಿದೆ. ಅಂಥ ರಾತ್ರಿ ದೂರನ್ನೇ ಹೇಳಿ ಮಲಗಿ.