ಕೈಯನ್ನು ಮೆದುಳು ಮರೆಯದಿರಲಿ

ಕೈಯ ನರಕ್ಕೆ ಪೆಟ್ಟಾದಾಗ ಎಲ್ಲರ ಗಮನವೂ ಗಾಯದ ಮೇಲಿರುತ್ತದೆ. ಹೊಲಿಗೆ ಬಿಚ್ಚಿದೊಡನೆ, ಇನ್ನು ಕೈ ತಾನಾಗಿಯೇ ಸರಿಹೋಗುವುದೆಂದು ಮನೆಯವರು ಭಾವಿಸುತ್ತಾರೆ. ಆದರೆ ಕಠಿಣವಾದ ಕೆಲಸ ಆರಂಭವಾಗುವುದು ಆಗಲೇ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಕೃಷಿಕರ ಕೈಗಳಿಗೆ ಕುಡುಗೋಲು, ಮಚ್ಚು, ಒಕ್ಕಣೆ ಯಂತ್ರಗಳಿಂದ ಅಪಾಯವುಂಟು. ಬೈಕಿನಿಂದ ಬಿದ್ದಾಗ ಕುತ್ತಿಗೆಯಿಂದ ತೋಳಿಗಿಳಿಯುವ ನರಗಳೇ ಕಿತ್ತುಹೋಗಬಹುದು. ಕುಷ್ಠರೋಗವು ಮೊಣಕೈ ಬಳಿಯ ನರವನ್ನು ಕೆಡಿಸಿ ಬೆರಳುಗಳನ್ನು ಮುರುಟಿಸುತ್ತದೆ. ಪಾವಗಡದ ಶ್ರೀ ರಾಮಕೃಷ್ಣ ಸೇವಾಶ್ರಮವು ಇಂತಹ ರೋಗಿಗಳಿಗೆ ಸಲ್ಲಿಸಿದ ಸೇವೆಯನ್ನು ಈ ಭಾಗದವರು ಬಲ್ಲರು.

ಹೊಲಿದ ನರವು ದಿನಕ್ಕೆ ಸುಮಾರು 1 ಮಿಲಿಮೀಟರಿನಷ್ಟೇ ಬೆಳೆಯುತ್ತದೆ. ಮಣಿಕಟ್ಟಿನಲ್ಲಿ ಕಡಿದ ನರವು ಬೆರಳ ತುದಿ ಮುಟ್ಟಲು ಆರು ತಿಂಗಳಾದರೂ ಬೇಕು. ಅಷ್ಟು ಕಾಲ ಮೆದುಳಿಗೆ ಆ ಭಾಗದ ಸುದ್ದಿಯೇ ಇರುವುದಿಲ್ಲ. ಪಾಳುಬಿದ್ದ ಹೊಲವನ್ನು ಬದುವಿನಾಚೆಯವರು ಒತ್ತುವಂತೆ, ಮೆದುಳಿನಲ್ಲಿ ಕೈಗೆ ಮೀಸಲಾದ ಜಾಗವನ್ನು ಪಕ್ಕದ ಅಂಗಗಳು ಆಕ್ರಮಿಸಿಕೊಳ್ಳುತ್ತವೆ. ಮುಂದೆ ನರ ಬೆಳೆದರೂ ಅದರ ಎಳೆಗಳೆಲ್ಲ ಹಳೆಯ ಸ್ಥಾನವನ್ನೇ ಸೇರುವುದಿಲ್ಲ; ತೋರುಬೆರಳನ್ನು ಮುಟ್ಟಿದರೆ ನಡುಬೆರಳಲ್ಲಿ ಅರಿವಾಗುವುದೂ ಉಂಟು.

ಆದ್ದರಿಂದಲೇ ಮೆದುಳಿಗೆ ಪಾಠ ಹೇಳಬೇಕು. ಎರಡು ಕೈಗಳ ನಡುವೆ ಕನ್ನಡಿಯಿಟ್ಟು, ಒಳ್ಳೆಯ ಕೈಯನ್ನು ಆಡಿಸುತ್ತ ಬಿಂಬವನ್ನು ನೋಡುವುದು ಒಂದು ಕ್ರಮ. ಪೆಟ್ಟಾದ ಕೈಯೇ ಆಡಿದಂತೆ ಮೆದುಳಿಗೆ ತೋರುತ್ತದೆ. ಸ್ಪರ್ಶ ಮರಳತೊಡಗಿದ ಮೇಲೆ ರಾಗಿ, ಹುಣಸೆಬೀಜ, ಹತ್ತಿಗಳನ್ನು ಮೊದಲು ನೋಡಿ, ಬಳಿಕ ಕಣ್ಣುಮುಚ್ಚಿ ಮುಟ್ಟಿ ಗುರುತಿಸಬೇಕು. ದಿನಕ್ಕೆ ಹಲವು ಬಾರಿ, ಹತ್ತು ನಿಮಿಷ ಸಾಕು. ಕಾಸಿನ ಖರ್ಚಿಲ್ಲದ ಈ ಅಭ್ಯಾಸವನ್ನೇ ಜನ ಬೇಗ ಕೈಬಿಡುತ್ತಾರೆ! ಬೆರಳುಗಳು ಬಿಗಿದುಕೊಳ್ಳದಂತೆ ಭೌತಚಿಕಿತ್ಸಕರು ಹೇಳಿದಂತೆ ಅವನ್ನು ಮಡಚಿ ಬಿಡಿಸುತ್ತಲೂ ಇರಬೇಕು.

ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಅವರು 1940ರ ದಶಕದ ಕೊನೆಯಲ್ಲಿ ಕುಷ್ಠರೋಗಿಗಳ ಸ್ನಾಯುರಜ್ಜುಗಳನ್ನು ಸ್ಥಳಾಂತರಿಸಿ ಮುರುಟಿದ ಬೆರಳುಗಳನ್ನು ನೇರಗೊಳಿಸತೊಡಗಿದರು. ಅಲ್ಲಿಯೂ ರಜ್ಜುವಿನ ಹೊಸ ಕೆಲಸವನ್ನು ಮೆದುಳು ಅಭ್ಯಾಸದಿಂದಲೇ ಕಲಿಯಬೇಕಾಯಿತು.

ತಲೆಯ ಮೇಲೆ ಸುರುಳಿಯಿಟ್ಟು ಕಾಂತಶಕ್ತಿಯಿಂದ ಮೆದುಳನ್ನು ಪ್ರಚೋದಿಸುವ ವಿಧಾನವನ್ನು 1985ರಲ್ಲಿ ಇಂಗ್ಲೆಂಡಿನ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಚಿಕಿತ್ಸೆಯುಂಟು, ಹೆಚ್ಚಾಗಿ ಮಾನಸಿಕ ಕಾಯಿಲೆಗಳಿಗೆ. ನರಕ್ಕೆ ಪೆಟ್ಟಾದ ಕೈಗೆ ಇದರ ಬಳಕೆ ಇನ್ನೂ ಸಂಶೋಧನೆಯ ಹಂತದಲ್ಲಿದೆ. ಅದು ನರವನ್ನು ಬೆಳೆಸದು. ಅಭ್ಯಾಸಕ್ಕೆ ಮೆದುಳನ್ನು ಹದಗೊಳಿಸೀತೆಂಬುದಷ್ಟೇ ನಿರೀಕ್ಷೆ. ಮೂರ್ಛೆರೋಗವುಳ್ಳವರು, ತಲೆಯೊಳಗೆ ಲೋಹವಿರುವವರು, ಪೇಸ್‌ಮೇಕರ್ ಹಾಕಿಸಿಕೊಂಡವರು ವೈದ್ಯರಿಗೆ ಮೊದಲೇ ತಿಳಿಸಬೇಕು.

ಸ್ಪರ್ಶವಿಲ್ಲದ ಕೈಗೆ ಬಿಸಿಯೂ ತಿಳಿಯದು. ಒಲೆಯ ಪಾತ್ರೆಯನ್ನು ಬಟ್ಟೆಯಿಲ್ಲದೆ ಹಿಡಿಯಬಾರದು. ಪ್ರತಿರಾತ್ರಿ ಬೆಳಕಿನಲ್ಲಿ ಅಂಗೈ, ಬೆರಳ ಸಂದುಗಳಲ್ಲಿ ಬೊಬ್ಬೆಯೆದ್ದಿದೆಯೇ ಎಂದು ನೋಡಿಕೊಳ್ಳಬೇಕು.