ಸಿಹಿ ಬಾಟ್ಲಿಗೆ ತೆರಿಗೆ: ಬಡವರಿಗೆ ಲಾಭವೋ, ನಷ್ಟವೋ?



ತೆರಿಗೆ ಅಂದರೆ ರಸ್ತೆ, ಶಾಲೆ, ಆಸ್ಪತ್ರೆಗಾಗಿ ಸರ್ಕಾರ ಜನರಿಂದ ಪಡೆಯುವ ಹಣ ಎಂದು ಸಮಾಜ ಪಾಠದಲ್ಲಿ ಓದಿದ್ದೇವೆ. ಆರೋಗ್ಯ ಕಾಪಾಡಲು ಸಹ ತೆರಿಗೆ ಹಾಕ್ತಾರೆ. ಹೇಗೆ ಎಂದು ತಿಳಿಯೋಣ.

300 ಮಿ.ಲೀ. ಕೋಲಾದಲ್ಲಿ ಸುಮಾರು 32 ಗ್ರಾಂ ಸಕ್ಕರೆ ಇರುತ್ತದೆ. ಅಂದ್ರೆ ಎಂಟು ಟೀ ಚಮಚ! ಅದರಲ್ಲಿ ಪ್ರೋಟೀನ್ ಇಲ್ಲ, ಕಬ್ಬಿಣದ ಅಂಶ ಇಲ್ಲ. ಚಿಕ್ಕ ಮಕ್ಕಳು ಅದನ್ನು ಕುಡಿದು ಹೊಟ್ಟೆ ತುಂಬಿತು ಅಂತ ಮುದ್ದೆ ಬಿಡ್ತಾರೆ. ಹಲ್ಲು ಹುಳುಕಾಗುತ್ತದೆ. ದಿನಾ ಕುಡಿದರೆ ಬೊಜ್ಜು, ಸಕ್ಕರೆ ಕಾಯಿಲೆ ಬರುವ ಸಂಭವ ಹೆಚ್ಚು.

ಮೆಕ್ಸಿಕೋ ದೇಶದಲ್ಲಿ ಇಂಥ ಪಾನೀಯ ಕುಡಿಯುವವರು ಬಹಳ. ಅಲ್ಲಿ 2014ರ ಜನವರಿಯಿಂದ ಲೀಟರಿಗೆ 1 ಪೆಸೊ ತೆರಿಗೆ ಹಾಕಿದರು. ಬೆಲೆ ನೂರಕ್ಕೆ ಹತ್ತರಷ್ಟು ಏರಿತು. ಮೊದಲ ವರ್ಷವೇ ಮಾರಾಟ ಸರಾಸರಿ ಶೇ. 6 ಇಳಿಯಿತು. ಬಡ ಮನೆಗಳಲ್ಲಿ ಶೇ. 9 ಇಳಿಯಿತು, ಡಿಸೆಂಬರ್ ಹೊತ್ತಿಗೆ ಶೇ. 17! ಬಾಟ್ಲಿ ನೀರನ್ನು ಕೊಳ್ಳುವುದು ಹೆಚ್ಚಾಯಿತು.

ನಮ್ಮ ದೇಶದಲ್ಲಿ ಗ್ಯಾಸ್ ತುಂಬಿದ ಸಿಹಿ ಪಾನೀಯಕ್ಕೆ 2017ರಿಂದ ಜಿ.ಎಸ್.ಟಿ. 28, ಸೆಸ್ 12, ಒಟ್ಟು ಶೇ. 40 ಇತ್ತು. 2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ.ಯೇ ಶೇ. 40. ನಾನು ಲೆಕ್ಕ ಮಾಡಿದೆ: 20 × 40 ÷ 140. 20 ರೂಪಾಯಿ ಬಾಟ್ಲಿಯಲ್ಲಿ ಸುಮಾರು 5 ರೂ. 70 ಪೈಸೆ ತೆರಿಗೆ. ಸಕ್ಕರೆ ಹಾಕದ ಕೋಲಾಕ್ಕೂ ಇಷ್ಟೇ. ಬ್ರಿಟನ್ನಿನಲ್ಲಿ 2018ರಿಂದ ಸಕ್ಕರೆ ಹೆಚ್ಚಿದಷ್ಟೂ ತೆರಿಗೆ ಹೆಚ್ಚು. ಅದಕ್ಕೇ ಅಲ್ಲಿನ ಎಷ್ಟೋ ಕಂಪನಿಗಳು ಸಕ್ಕರೆಯನ್ನೇ ಕಡಿಮೆ ಮಾಡಿದವು.

ಸಾಹುಕಾರನಿಗೂ ಕೂಲಿಯವನಿಗೂ ಒಂದೇ ತೆರಿಗೆ. ಇದು ನ್ಯಾಯವೇ? ನಮ್ಮವ್ವ ಕೂಲಿಗೆ ಹೋಗ್ತಾಳೆ. ಅವಳಿಗೆ 5 ರೂಪಾಯಿ ದೊಡ್ಡದು. ಆದರೆ ಬಾಟ್ಲಿ ಕೊಳ್ಳದಿದ್ದರೆ ತೆರಿಗೆಯೂ ಇಲ್ಲ. ಉಳಿದ 20 ರೂಪಾಯಿಗೆ ಎರಡು ಮೊಟ್ಟೆ ಬರುತ್ತವೆ, 12 ಗ್ರಾಂ ಪ್ರೋಟೀನ್ ಸಿಗುತ್ತದೆ. ಮುಂದೆ ಕಾಯಿಲೆ ಬಂದರೆ ಔಷಧಿಗೆ ಸಾಲ ಮಾಡೋರು ಬಡವರೇ ಅಲ್ಲವೇ?

ಆದರೂ ತೆರಿಗೆ ಒಂದೇ ಸಾಲದು. ನಮ್ಮ ಬೀದಿಯ ಬೋರ್‌ವೆಲ್ ನೀರು ಉಪ್ಪುಪ್ಪು. ಬಾಯಾರಿದ ಹುಡುಗರು ಅಂಗಡಿ ಕಡೆ ನೋಡ್ತಾರೆ. ತೆರಿಗೆಯ ಹಣದಲ್ಲಿ ಶಾಲೆಗಳಿಗೆ ಕುಡಿಯುವ ನೀರು ಕೊಡಿ ಎಂದು ಮೆಕ್ಸಿಕೋದ ಆರೋಗ್ಯ ಸಂಘಟನೆಗಳು ಕೇಳಿದವು. ಅದು ಸರಿಯಾದ ಮಾತು. ಬಾಟ್ಲಿ ತುಟ್ಟಿಯಾಗಬೇಕು, ಒಳ್ಳೆಯ ನೀರು ಹತ್ತಿರವಾಗಬೇಕು. ಆಗ ಮಾತ್ರ ಬಡವರಿಗೆ ಲಾಭ.

ನೀವೇ ಲೆಕ್ಕ ಮಾಡಿ: ವಾರಕ್ಕೆ ಎರಡು ಬಾಟ್ಲಿ ಬಿಟ್ಟರೆ ವರ್ಷಕ್ಕೆ ಎಷ್ಟು ರೂಪಾಯಿ ಉಳಿತಾಯ?